ಹಸಿರು ಪುಸ್ತಕದ ಮಗು

ಅಚ್ಚುಮನೆಯಿಂದ ಬಂದ ಕಟ್ಟಿನ ಗಂಟು ಎಷ್ಟು ಎಳೆದರೂ ಬಿಚ್ಚಿಕೊಳ್ಳಲಿಲ್ಲ. ಕತ್ತರಿ ಕಾಣದೆ, ಕಚೇರಿಯವರೆಲ್ಲ ವರದಿ ಎಂದೇ ಕರೆಯುವ ಹೆಂಗಸು ಅದನ್ನು ಹಲ್ಲಿನಿಂದಲೇ ಕಚ್ಚಿ ಎಳೆಯುತ್ತಿದ್ದಾಗ, ಹಳ್ಳಿಗಳಲ್ಲಿ ಮಕ್ಕಳನ್ನು ತೂಗುವ ತೂಕದಕ್ಕ ಬಾಗಿಲಲ್ಲಿ ಚಪ್ಪಲಿ ಕೊಡವಿ ಒಳಗೆ ಬಂದಳು. ತಿಂಗಳ ಎರಡನೇ ಮಂಗಳವಾರ ತನ್ನ ವಲಯದ ತೂಕದ ಪುಸ್ತಕಗಳನ್ನು ಒಪ್ಪಿಸಲು ಅವಳು ಬರುವುದು ರೂಢಿ. ಹೆಗಲಿನ ಚೀಲವನ್ನು ಮೇಜಿನ ಮೇಲಿಟ್ಟು, “ನಿನ್ನ ಹಲ್ಲಿಗೆ ಬೇರೆ ಕೆಲಸ ಇಲ್ವೇನೆ?” ಎಂದು ಗದರಿ, ತಾನೇ ಗಂಟಿನ ತುದಿ ಹಿಡಿದು ಒಂದು ಸಲ ತಿರುವಿ ಎಳೆದಳು. ಹುರಿ ಬಿಚ್ಚಿತು. ಹೊಸ ಶಾಯಿಯ ವಾಸನೆ ಕೋಣೆಯ ತುಂಬ ಹರಡಿತು.

ಸೊರಗಿದ ಮಕ್ಕಳನ್ನು ನೋಡಿಕೊಳ್ಳುವ ಅವರ ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿನ ಪುಸ್ತಕ ಅದು. ಶುಕ್ರವಾರದ ಸಮಾರಂಭಕ್ಕೆ ಬಂದವರಿಗೆಲ್ಲ ಒಂದೊಂದು ಕೊಡುವುದೆಂದು ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿದ್ದರು. ವರದಿ ಒಂದು ಪ್ರತಿಯನ್ನೆತ್ತಿ, ಅಂಚು ನೆಟ್ಟಗೆ ಕತ್ತರಿಸಿದ್ದಾರೋ ಎಂದು ಬೆರಳಾಡಿಸಿ ನೋಡಿ, ತೂಕದಕ್ಕನ ಕೈಗಿಟ್ಟಳು. ಕನ್ನಡಕ ಮರೆತು ಬಂದಿದ್ದ ತೂಕದಕ್ಕ ಪುಸ್ತಕವನ್ನು ತೋಳುದ್ದ ದೂರ ಹಿಡಿದಳು. ಮುಖಪುಟದ ತುಂಬ ಒಂದೂವರೆ ವರ್ಷದ ಹೆಣ್ಣುಮಗು. ಹಳದಿ ಅಂಗಿ, ಮುಂದಿನ ಹಲ್ಲುಗಳಷ್ಟೂ ಕಾಣುವ ನಗು.

“ಇಟ್ಟಿಗೆ ಗೂಡಿನ ಮಗು ಅಲ್ವಾ ಇದು,” ಎಂದಳು. ಆಮೇಲೆ ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, “ತೀರ್ಕೊಂಡಿತಲ್ಲೇ,” ಎಂದಳು.

ವರದಿ ಎರಡನೇ ಕಟ್ಟಿನ ಗಂಟಿಗೆ ಕೈ ಹಾಕಿದ್ದಳು. ಕೈ ಅಲ್ಲಿಯೇ ಉಳಿಯಿತು. ಯಾವಾಗ ಎಂದು ಕೇಳಿದಳು. ಇಪ್ಪತ್ತಾರು ದಿನವಾಯಿತು ಎಂದಳು ತೂಕದಕ್ಕ. ವಾಂತಿ ಭೇದಿ. ಬೆಳಿಗ್ಗೆ ಶುರುವಾದದ್ದು, ಮಾರನೇ ದಿನ ಮಧ್ಯಾಹ್ನ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ತಾಯಿಯ ಹೆಗಲ ಮೇಲೆಯೇ ಮುಗಿದುಹೋಯಿತು. ಪುಸ್ತಕದ ಕೊನೆಯ ಕರಡಿಗೆ ಸಹಿ ಹಾಕಿ ಅಚ್ಚಿಗೆ ಕಳಿಸಿ ಇಪ್ಪತ್ತು ದಿನವಾಗಿತ್ತು. ವರದಿ ಮನಸ್ಸಿನಲ್ಲೇ ಕಳೆದು ನೋಡಿದಳು. ತಿದ್ದುವುದಕ್ಕೆ ಆರು ದಿನ ಕೈಯಲ್ಲಿತ್ತು.

“ನಂಗೆ ಯಾಕಕ್ಕ ಹೇಳ್ಲಿಲ್ಲ?”

“ಎಲ್ಲಿ ಬರೀಲಿ ಹೇಳು. ಕೆಂಪು ಪುಸ್ತಕದಿಂದ ಹಸಿರು ಪುಸ್ತಕಕ್ಕೆ ಹೋಗಿತ್ತು. ಹಸಿರಿಗೆ ಹೋದ ಮಗೂನ ನಾವು ತೂಗಲ್ಲ. ತೂಗದೆ ಇರೋರ ಹೆಸರು ತಿಂಗಳ ಪಟ್ಟೀಲಿ ಬರಲ್ಲ. ಈ ಪದ್ಧತಿ ನಿಮ್ಮ ಕಚೇರಿದು, ನಂದಲ್ಲ.”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತೂಕ ಕಡಿಮೆಯಿದ್ದ ಮಕ್ಕಳ ಹೆಸರು ಕೆಂಪು ರಟ್ಟಿನ ಪುಸ್ತಕದಲ್ಲಿರುತ್ತಿತ್ತು. ವಾರಕ್ಕೊಮ್ಮೆ ತೂಗಬೇಕು, ಹಿಟ್ಟಿನ ಪೊಟ್ಟಣ ಕೊಡಬೇಕು, ತಾಯಿಯ ಜೊತೆ ಮಾತಾಡಬೇಕು. ಮೂರು ತಿಂಗಳು ಒಂದೇ ಸಮನೆ ತೂಕ ಏರಿದರೆ ಆ ಹೆಸರಿನ ಮೇಲೆ ಅಡ್ಡಗೆರೆ ಎಳೆದು ಹಸಿರು ರಟ್ಟಿನ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದರು. ಅಲ್ಲಿಗೆ ಆ ಮಗು ಗೆದ್ದಂತೆ. ಹಸಿರು ಪುಸ್ತಕದಲ್ಲಿ ಹೆಸರು, ತಾರೀಖು, ಕೊನೆಯ ತೂಕ ಇಷ್ಟಕ್ಕೇ ಮನೆಗಳಿದ್ದವು. ಆಮೇಲಿನದಕ್ಕೆ ಮನೆಯೇ ಇರಲಿಲ್ಲ. ಆ ಪುಸ್ತಕದಲ್ಲಿ ಯಾವ ಮಗುವೂ ಸತ್ತಿರಲಿಲ್ಲ.

ಅವಳಿಗೆ ವರದಿ ಎಂಬ ಹೆಸರು ಬಿದ್ದು ಎಷ್ಟು ಕಾಲವಾಗಿತ್ತೆಂದರೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹನ್ನೊಂದು ವರ್ಷದ ಹಿಂದೆ ಅವಳು ಸಂಸ್ಥೆಗೆ ಸೇರಿದ್ದು ತೂಕದಕ್ಕನ ತಕ್ಕಡಿ ಹೊರುವುದಕ್ಕೆ. ಮರದ ಕೊಂಬೆಗೋ ಮನೆಯ ತೊಲೆಗೋ ತಕ್ಕಡಿಯನ್ನು ತೂಗುಹಾಕಿ, ಬಟ್ಟೆಯ ಜೋಳಿಗೆಯಲ್ಲಿ ಮಗುವನ್ನು ಕೂರಿಸಿ ತೂಕದಕ್ಕ ಅಂಕಿ ಕೂಗುತ್ತಿದ್ದಳು, ಇವಳು ಬರೆದುಕೊಳ್ಳುತ್ತಿದ್ದಳು. ಪುಸ್ತಕದ ಕೊನೆಯ ಮನೆ ಷರಾ. ಉಳಿದ ವಲಯದವರು ಅದರಲ್ಲಿ ‘ಸರಿ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಇವಳು ಅಲ್ಲಿ ‘ಮಗು ಅಳಲಿಲ್ಲ, ತಾಯಿ ನಮ್ಮ ಕಡೆ ನೋಡದೆ ಒಲೆ ಊದುತ್ತಿದ್ದಳು’ ಎಂದು ಬರೆದಳು. ‘ತಕ್ಕಡಿಯನ್ನು ನಂಬುವುದಿಲ್ಲವೆಂದು ಅಜ್ಜಿ ಮೊದಲು ತಾನೇ ಜೋತುಬಿದ್ದು ನೋಡಿದಳು’ ಎಂದು ಬರೆದಳು. ಒಂದು ದಿನ ಸಂಸ್ಥೆಯನ್ನು ಕಟ್ಟಿದ ಹಿರಿಯಾಕೆ, ಎಲ್ಲರೂ ದೊಡ್ಡಮ್ಮ ಎನ್ನುವವರು, ಆ ಪುಸ್ತಕವನ್ನು ಹಿಡಿದುಕೊಂಡು ಇದು ಯಾರ ಅಕ್ಷರ ಎಂದು ಕೇಳಿಕೊಂಡು ಬಂದರು. ಶಾಯಿ ದಂಡ ಮಾಡಿದ್ದಕ್ಕೆ ಬೈಗುಳ ಬೀಳುತ್ತದೆಂದು ಇವಳು ಕಂಬದ ಮರೆಗೆ ಸರಿದಿದ್ದಳು. ಮುಂದಿನ ತಿಂಗಳಿಂದ ಅವಳಿಗೆ ಕಚೇರಿಯಲ್ಲಿ ಒಂದು ಕುರ್ಚಿಯಾಯಿತು.

ಕುರ್ಚಿಯ ಬೆನ್ನಿಗೇ ಕಂಪ್ಯೂಟರು ಬಂತು, ಕ್ಯಾಮೆರಾ ಬಂತು, ತರಬೇತಿಗಳು ಬಂದವು. ಓದುವವರಿಗೆ ಪುರುಸೊತ್ತಿಲ್ಲ ಎಂದರು ತರಬೇತಿ ಕೊಟ್ಟವರು; ಕಥೆ ಅವರ ಎದೆ ತಟ್ಟಬೇಕು, ಆದರೆ ಎದೆ ಒಡೆಯಬಾರದು. ಅದಕ್ಕೆ ನಾಲ್ಕು ಪ್ಯಾರಾ ಸಾಕು. ಮೊದಲನೆಯದರಲ್ಲಿ ಕಷ್ಟ, ಎರಡನೆಯದರಲ್ಲಿ ಸಂಸ್ಥೆ, ಮೂರನೆಯದರಲ್ಲಿ ಚೇತರಿಕೆ, ನಾಲ್ಕನೆಯದರಲ್ಲಿ ತಾಯಿಯ ಬಾಯಿಂದ ಒಂದು ಮಾತು. ವರದಿ ಬೇಗ ಕಲಿತಳು, ಆಮೇಲೆ ಬೇರೆಯವರಿಗೂ ಕಲಿಸಿದಳು. ಮೊದಮೊದಲು ಒಂದೊಂದು ಮನೆಗೆ ಹೋಗಿ ಬಂದ ದಿನ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದು ನಿಂತಿತು. ಯಾವ ದಿನ ನಿಂತಿತೆಂದು ಅವಳಿಗೆ ನೆನಪಿಲ್ಲ. ಜೋಮು ಹಿಡಿದ ಕಾಲು ನೆಲದ ಮೇಲಿದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ, ಕಾಲಿಗೆ ಗೊತ್ತಾಗುವುದಿಲ್ಲ, ಹಾಗೆ. ಅದರಿಂದ ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ಕೆಲಸ ಇನ್ನೂ ಚುರುಕಾಯಿತು. ಶುಕ್ರವಾರದ ಸಮಾರಂಭದಲ್ಲಿ ಅವಳನ್ನು ಸಂವಹನ ವಿಭಾಗದ ಮುಖ್ಯಸ್ಥೆ ಎಂದು ಘೋಷಿಸುವುದೆಂದು ತೀರ್ಮಾನವಾಗಿತ್ತು. ಬಾಗಿಲಿಗೆ ಹಾಕುವ ಫಲಕಕ್ಕೂ ಹೇಳಿಯಾಗಿತ್ತು.

ಮಗು ತೀರಿಕೊಂಡ ಸುದ್ದಿಯನ್ನು ವರದಿ ದೊಡ್ಡಮ್ಮನಿಗೆ ತಿಳಿಸಿದಳು. ಅವರು ಮೊದಲು ನರ್ಸ್ ಆಗಿದ್ದವರು. ಅಯ್ಯೋ ಪಾಪ ಎನ್ನುವ ಅಭ್ಯಾಸ ಅವರಿಗಿರಲಿಲ್ಲ. ಮಂಡಿನೋವಿಗೆ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದರು. ಒಪ್ಪಿಗೆ ಪತ್ರ ಇದೆಯಾ ಎಂದು ಕೇಳಿದರು. ಇತ್ತು, ತಾಯಿಯ ಹೆಬ್ಬೆಟ್ಟು, ಐದು ವರ್ಷದ ಅವಧಿ, ಎಲ್ಲ ಸರಿಯಾಗಿತ್ತು.

“ಕಾಗದ ನಮ್ಮ ಕಡೆಗಿದೆ,” ಎಂದರು. “ಆದ್ರೆ ಕಾಗದ ನೋಡ್ಕೊಂಡು ಪುಸ್ತಕ ಹಂಚೋಳಲ್ಲ ನಾನು. ನಮ್ಮ ಕೈಯಲ್ಲಿ ಮಗು ಹುಷಾರಾಗಿದ್ದು ನಿಜ. ಆಮೇಲೆ ಆಗಿದ್ದೂ ನಿಜ. ಮೊದಲನೇದು ಅಚ್ಚಾಯ್ತು, ಅಷ್ಟೆ. ನೀನೇ ಹೋಗಿ ಆ ತಾಯೀನ ಕೇಳು. ಹೂಂ ಅಂದ್ರೆ ಶುಕ್ರವಾರ ಹಂಚೋಣ. ಬೇಡ ಅಂದ್ರೆ ಕಟ್ಟಿಡೋಣ.”

ವರದಿ ಏಳುವಾಗ ಅವರು ಇನ್ನೊಂದು ಮಾತು ಸೇರಿಸಿದರು. ಪುಸ್ತಕವೇ ಇಲ್ಲದೆ ಆ ವಿಭಾಗಕ್ಕೊಬ್ಬಳು ಮುಖ್ಯಸ್ಥೆ ಎಂದು ವೇದಿಕೆಯ ಮೇಲೆ ಹೇಳಿದರೆ ಆಡಳಿತ ಮಂಡಳಿಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇದನ್ನೂ ತಲೆಯಲ್ಲಿಟ್ಟುಕೊ. ಇಷ್ಟು ಹೇಳಿ ಕಾಲನ್ನು ಸ್ಟೂಲಿನಿಂದ ಇಳಿಸಿ ಮತ್ತೆ ಏರಿಸಿದರು.

ಸಂಜೆ ಮನೆಯಲ್ಲಿ ಅತ್ತೆ ಬಟಾಣಿ ಬಿಡಿಸುತ್ತ ಕೂತಿದ್ದರು. ಸೊಸೆ ತಂದ ಪುಸ್ತಕವನ್ನು ಇಸಿದುಕೊಂಡು, ಕೈ ಒರೆಸಿಕೊಂಡು, ಕಥೆಯಿದ್ದ ಪುಟವನ್ನು ತುಟಿ ಅಲ್ಲಾಡಿಸುತ್ತ ಓದಿದರು. ಸೊಸೆಯ ಬರಹವೆಲ್ಲ ಅವರು ಹೀಗೇ ಓದುತ್ತಿದ್ದರು. ಓದಿ ಮುಗಿಸಿ, “ಚೆನ್ನಾಗಿದೆ. ಆದ್ರೆ ನಿನ್ನ ಕಥೇಲಿ ತಾಯಂದಿರೆಲ್ಲ ಒಂದೇ ಥರ ಮಾತಾಡ್ತಾರಲ್ಲೇ. ನಾನೂ ಮೂರು ಹೆತ್ತಿದೀನಿ. ಒಂದಿನಾನೂ ಹಿಂಗೆ ಮಾತಾಡಿದ್ದು ನೆನಪಿಲ್ಲ,” ಎಂದರು. ಒಳಗಿನಿಂದ ಗಂಡ, ನೀನು ಮಾತಾಡೋದನ್ನ ಅಚ್ಚು ಹಾಕಿದ್ರೆ ಸಂಸ್ಥೆ ಬಾಗಿಲು ಮುಚ್ಚಬೇಕಾಗುತ್ತಮ್ಮ ಎಂದ. ವರದಿಗೆ ನಗು ಬಂತು. ನಕ್ಕಳು ಕೂಡ. ನಕ್ಕಿದ್ದು ತನ್ನ ಬಾಯಿ ಎಂದು ನಕ್ಕ ಮೇಲೆ ತಿಳಿಯಿತು. ಮಗು ಸತ್ತ ವಿಷಯವನ್ನು ಅವಳು ಹೇಳಲಿಲ್ಲ. ಮುಚ್ಚಿಡಬೇಕೆಂದೇನಲ್ಲ, ಅಷ್ಟು ಮಾತನ್ನು ಜೋಡಿಸಬೇಕಲ್ಲ ಎನ್ನಿಸಿತು.

ಬುಧವಾರ ಬೆಳಿಗ್ಗೆ ಅವಳೂ ತೂಕದಕ್ಕನೂ ಬಸ್ಸಿನಲ್ಲಿ ಹೊರಟರು. ಹೊಸ ಒಪ್ಪಿಗೆ ಪತ್ರವೊಂದು ಫೈಲಿನಲ್ಲಿತ್ತು. ಅದರಲ್ಲಿ ‘ಮಗುವಿನ ಈಗಿನ ಸ್ಥಿತಿ’ ಎಂಬಲ್ಲಿ ಮೂರು ಚೌಕಗಳು: ಚೇತರಿಸಿಕೊಂಡಿದೆ, ಚಿಕಿತ್ಸೆಯಲ್ಲಿದೆ, ಇತರೆ. ಬಸ್ಸು ನಿಂತಿದ್ದ ಒಂದು ಕಡೆ ಅಕ್ಷರ ಅಲುಗುವುದಿಲ್ಲವೆಂದು ವರದಿ ಪೆನ್ನು ತೆಗೆದು ಮೂರನೆಯ ಚೌಕದಲ್ಲಿ ಗುರುತು ಹಾಕಿದಳು. ಪಕ್ಕದಲ್ಲಿ ಕೂತಿದ್ದ ತೂಕದಕ್ಕ ಅದನ್ನು ನೋಡಿ ಕಿಟಕಿಯ ಕಡೆ ತಿರುಗಿಕೊಂಡಳು.

ಬಸ್ಸಿಳಿದ ಮೇಲೆ ಅರ್ಧ ಗಂಟೆಯ ನಡಿಗೆ. ದಾರಿಯ ಧೂಳು ಕೆಂಪಗಿತ್ತು, ಬೇಲಿಯ ಎಲೆಗಳೂ ಕೆಂಪಗಿದ್ದವು. ಗೂಡಿನ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಕೆಲಸಗಾರರ ಮನೆಗಳು ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿದ್ದವು. ಸುಟ್ಟ ಇಟ್ಟಿಗೆಯನ್ನು ಗಾರೆಯಿಲ್ಲದೆ ಪೇರಿಸಿದ ಗೋಡೆ, ಮೇಲೆ ತಗಡು. ಅದರಾಚೆ ಬಯಲಿನ ತುಂಬ ಹಸಿ ಇಟ್ಟಿಗೆಗಳು ಸಾಲು ಸಾಲಾಗಿ ಒಣಗುತ್ತಿದ್ದವು. ಸಾಲುಗಳ ನಡುವೆ ತಾಯಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಇಟ್ಟಿಗೆಯನ್ನು ಎತ್ತಿ ಮಗ್ಗುಲು ಬದಲಿಸಿ ಇಡುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ಹೆಂಗಸು. ತಲೆಗೆ ಬಟ್ಟೆ ಸುತ್ತಿದ್ದಳು. ಇವರನ್ನು ಕಂಡು ಏಳಲಿಲ್ಲ.

“ಬಂದ್ರಾ,” ಎಂದಳು. “ಫೋಟೋ ಅಕ್ಕ ಅಲ್ವಾ ನೀವು? ನೆಳಲಲ್ಲಿ ಕೂತ್ಕೊಳ್ಳಿ. ಬಿಸಿಲು ಏರೋದ್ರೊಳಗೆ ಇವನ್ನ ಮಗುಚಬೇಕು. ಇಲ್ದಿದ್ರೆ ಬಿರುಕು ಬಿಡ್ತವೆ.”

ಕೂರುವುದಕ್ಕೆ ನೆರಳು ದೂರದಲ್ಲಿತ್ತು. ತೂಕದಕ್ಕ ಎದುರು ಸಾಲಿನಲ್ಲಿ ಕುಕ್ಕರಿಸಿ ತಾನೂ ಇಟ್ಟಿಗೆ ಮಗುಚತೊಡಗಿದಳು. ವರದಿ ಫೈಲನ್ನು ಎದೆಗೊತ್ತಿಕೊಂಡು ನಿಂತು, ವಿಷಯ ನಿನ್ನೆ ತಿಳಿಯಿತೆಂದೂ ಬಹಳ ದುಃಖವಾಯಿತೆಂದೂ ಹೇಳಿದಳು. ಬಸ್ಸು ತಡ ಎಂದು ಯಾರೋ ಹೇಳಿದರೆ ತಲೆಯಾಡಿಸುವಂತೆ ತಾಯಿ ತಲೆಯಾಡಿಸಿದಳು. ಮೂರು ಇಟ್ಟಿಗೆ ಮಗುಚಿದಳು. ಅದೇ ಗೂಡಿನ ಹಿಂದೆ ಮಣ್ಣು ಮಾಡಿದ್ದನ್ನೂ, ಗಂಡ ಮಾರನೇ ದಿನವೇ ಬೆಂಕಿಯ ಪಾಳಿಗೆ ಹೋದದ್ದನ್ನೂ, ಉರಿಯುವ ಗೂಡನ್ನು ಬಿಟ್ಟು ಕೂರುವ ಹಾಗಿಲ್ಲವೆಂಬುದನ್ನೂ ತೂಕದಕ್ಕನಿಗೆ ಹೇಳಿದಳು. ತೂಕದಕ್ಕನಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳಂತೆ ಹೂಂಗುಟ್ಟಿದಳು.

ವರದಿ ಪುಸ್ತಕ ತೆಗೆದು ಮುಂದೆ ಹಿಡಿದಳು. ಕೈಗೆ ಮಣ್ಣು ಮೆತ್ತಿದೆ ಎಂದು ತಾಯಿ ಮುಟ್ಟಲಿಲ್ಲ. ಕತ್ತು ಮುಂದೆ ಚಾಚಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಹಳದಿ ಒಪ್ಪಿತ್ತು ಅವಳಿಗೆ,” ಎಂದಳು. “ಆ ಅಂಗಿ ಇನ್ನೂ ಇದೆಯಾ ನಿಮ್ಮತ್ರ?”

ಫೋಟೋದ ದಿನಗಳಿಗೆಂದೇ ವರದಿ ಒಂದು ಚೀಲದಲ್ಲಿ ಮೂರು ಅಳತೆಯ ಅಂಗಿಗಳನ್ನು ಒಯ್ಯುತ್ತಿದ್ದಳು. ಹರಕು ಬಟ್ಟೆಯಲ್ಲಿ ಮಗುವನ್ನು ತೋರಿಸಿದರೆ ಅದರ ಮರ್ಯಾದೆ ಹೋಗುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ಫೋಟೋ ಆದ ಮೇಲೆ ಅಂಗಿಯನ್ನು ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ ಮುಂದಿನ ಮಗುವಿಗೆ ಇಟ್ಟುಕೊಳ್ಳುವುದು. ಒಬ್ಬರಿಗೆ ಕೊಟ್ಟರೆ ಪಕ್ಕದ ಮನೆಯವರಿಗೂ ಕೊಡಬೇಕಾಗುತ್ತದೆ. ಈ ಮಗುವಿನಿಂದ ಬಿಚ್ಚುವಾಗ ಅದು ಎರಡೂ ಕೈಯಿಂದ ಅಂಗಿಯ ಅಂಚನ್ನು ಹಿಡಿದುಕೊಂಡಿತ್ತು. ಬಿಸ್ಕತ್ತು ತೋರಿಸಿ ಬಿಡಿಸಿದ್ದಳು. ಆಮೇಲೆ ಅದನ್ನು ಬೇರೆ ನಾಲ್ಕು ಮಕ್ಕಳು ತೊಟ್ಟಿದ್ದರು.

“ಇದೆ,” ಎಂದಳು ವರದಿ.

“ಹೂಂ,” ಎಂದಳು ತಾಯಿ. ಬೇಕೆಂದು ಕೇಳಲಿಲ್ಲ. “ಏನು ಬರ್ದಿದೀರಿ, ಓದಿ ಕೇಳಣ.”

ವರದಿ ಎಷ್ಟೋ ವೇದಿಕೆಗಳ ಮೇಲೆ ತನ್ನ ಬರಹವನ್ನು ಓದಿದವಳು. ಅದೇ ದನಿಯಲ್ಲಿ ಶುರು ಮಾಡಿದಳು. ಮೊದಲ ಸಾಲಿನಲ್ಲಿಯೇ ತಾಯಿ ತಲೆಯೆತ್ತಿ, ಅದು ಯಾರ ಹೆಸರು ಎಂದಳು. ಮಗುವಿನ ಗುರುತು ಸಿಗದಿರಲೆಂದು ಹೆಸರು ಬದಲಾಯಿಸುತ್ತೇವೆ ಎಂದು ವರದಿ ವಿವರಿಸಿದಳು. ತಾಯಿ ಮುಖಪುಟದ ಕಡೆ ಒಮ್ಮೆ ನೋಡಿದಳು, ವರದಿಯ ಕಡೆ ಒಮ್ಮೆ ನೋಡಿದಳು. ಗುರುತು ಸಿಗಬಾರದು ಅಂತ, ಎಂದು ತನ್ನಷ್ಟಕ್ಕೆ ಹೇಳಿಕೊಂಡು ಕೆಲಸಕ್ಕೆ ತಿರುಗಿದಳು. ಎದುರು ಸಾಲಿನಲ್ಲಿ ತೂಕದಕ್ಕ ಕೆಮ್ಮಿದಳು. ಹನ್ನೊಂದು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ವರದಿಗೆ ತಾನಾಗಿಯೂ ಹೊಳೆದಿರಲಿಲ್ಲ.

ಎರಡನೇ ಪ್ಯಾರಾ ಯಾವ ಅಡ್ಡಿಯೂ ಇಲ್ಲದೆ ದಾಟಿತು. ಮೂರನೆಯದರಲ್ಲಿ ‘ಈಗ ಅವಳು ಅಂಗಳದ ತುಂಬ ಓಡಾಡುತ್ತಿದ್ದಾಳೆ’ ಎಂಬ ಸಾಲು ಬಂತು.

“ಅಂಗಳ ಎಲ್ಲಿದೆ ನಮಗೆ,” ಎಂದಳು ತಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರಿಗೆ ದಾರಿ ಹೇಳುವವಳಂತಿತ್ತು. “ಓಡ್ತಾನೂ ಇರ್ಲಿಲ್ಲ ಅವಳು. ನಾಲ್ಕು ಹೆಜ್ಜೆ ಇಟ್ಟಳು. ಇಲ್ಲಿ ಈ ಸಾಲಿನ ಕೊನೇನ ಹಿಡ್ಕೊಂಡು ನಿಂತಿದ್ಲು, ನಾನು ಅಲ್ಲಿದ್ದೆ.” ಮಣ್ಣಿನ ಕೈಯಿಂದ ಎರಡು ಕಡೆಯೂ ತೋರಿಸಿದಳು. “ಬಿಟ್ಟು ಬಂದ್ಲು. ನಾಲ್ಕು. ಐದನೇದಕ್ಕೆ ಕೂತ್ಬಿಟ್ಲು. ಮಾರನೇ ದಿನ ಮತ್ತೆ ನಾಲ್ಕು. ಅಷ್ಟೇ.”

ವರದಿ ಆ ಎರಡು ಜಾಗಗಳ ನಡುವಿನ ನೆಲವನ್ನು ನೋಡಿದಳು. ಬರೀ ನೆಲ. ಇಟ್ಟಿಗೆಯ ಪುಡಿ, ಒಂದು ಒಣಗಿದ ಬಳ್ಳಿ. ನಾಲ್ಕನೆಯ ಪ್ಯಾರಾ ಓದುವುದು ಬೇಡವೆನ್ನಿಸಿತು, ಆದರೆ ಬಾಯಿ ಓದಿತು. “ನನ್ನ ಮಗಳು ದೊಡ್ಡ ಡಾಕ್ಟರಾಗಿ ನಮ್ಮಂಥವರ ಸೇವೆ ಮಾಡಬೇಕು ಎನ್ನುವಾಗ ಆ ತಾಯಿಯ ಕಣ್ಣುಗಳು ಹೊಳೆಯುತ್ತವೆ.”

“ಹಂಗಂದ್ನಾ ನಾನು?” ಎಂದು ತಾಯಿ ಕೇಳಿದಳು. ನಿಜವಾಗಿಯೂ ನೆನಪಿಗೆ ಬಾರದವಳಂತೆ ಕೇಳಿದಳು.

“ಇಲ್ಲ. ನಾನೇ ಬರೆದಿದ್ದು.”

“ಒಳ್ಳೇ ಮಾತೇ,” ಎಂದಳು ತಾಯಿ. “ನಾನು ಅಂದಿದ್ದು ಬೇರೆ. ಹಿಟ್ಟಿನ ಪೊಟ್ಟಣ ಜಾಸ್ತಿ ಸಿಹಿ, ಅವಳು ಉಗೀತಾಳೆ, ಅಂದಿದ್ದೆ.”

ಇನ್ನು ಕೇಳಬೇಕಾದ್ದನ್ನು ಕೇಳಲೇಬೇಕಿತ್ತು. ಹೇಗೆ ಕೇಳಬೇಕೆಂಬುದೂ ವರದಿಗೆ ಗೊತ್ತಿತ್ತು. ಎದುರಿನವರ ಮಟ್ಟಕ್ಕೆ ಕೂರಬೇಕು, ದನಿ ತಗ್ಗಿಸಬೇಕು, ನಿಮ್ಮಿಷ್ಟ, ಬಲವಂತವಿಲ್ಲ ಎಂದು ಮೊದಲೇ ಹೇಳಬೇಕು, ಆಮೇಲೆ ಸುಮ್ಮನಿರಬೇಕು. ಆ ಮೌನವನ್ನು ಹೆಚ್ಚು ಹೊತ್ತು ಯಾರೂ ಸಹಿಸುವುದಿಲ್ಲ. ಅದನ್ನು ತುಂಬುವುದಕ್ಕಾದರೂ ಹೂಂ ಎಂದುಬಿಡುತ್ತಾರೆ. ಅವಳು ಕುಕ್ಕರಿಸಿ ಕೂತಳು. ಶುಕ್ರವಾರದ ಸಮಾರಂಭದ ವಿಷಯ ಹೇಳಿದಳು. ಹಂಚಬಹುದೇ ಎಂದು ಕೇಳಿ, ನಿಮ್ಮಿಷ್ಟ ಎಂದು, ಸುಮ್ಮನಾದಳು. ಆದರೆ ತಾಯಿಗೆ ಆ ಮೌನ ಭಾರವಾಗಲಿಲ್ಲ. ಅವಳ ಮುಂದೆ ಅರ್ಧ ಸಾಲು ಇಟ್ಟಿಗೆ ಬಾಕಿಯಿತ್ತು. ಒಂದೊಂದಾಗಿ ಮಗುಚುತ್ತ ಹೋದಳು. ವರದಿ ಕೂತಲ್ಲೇ ಇದ್ದಳು, ತಾಯಿ ಅವಳಿಂದ ದೂರ ದೂರ ಸರಿದಳು. ಸಾಲು ಮುಗಿಸಿ, ಅಲ್ಲಿಂದಲೇ ಮಾತಾಡಿದಳು.

“ಓಡ್ತಿದಾಳೆ ಅಂತ ಇರೋದು ಬೇಡ. ಓದಿದೋರು ಈಗ್ಲೂ ಎಲ್ಲೋ ಓಡ್ತಿದಾಳೆ ಅಂದ್ಕೋತಾರೆ. ನಾಲ್ಕು ಹೆಜ್ಜೆ ಅಂತ ಹಾಕಿ. ಹೋದ್ಲು ಅಂತ ಹಾಕಿ, ಯಾವತ್ತು ಅಂತಾನೂ ಹಾಕಿ. ಹಾಕಿದ್ರೆ ಕೊಡಿ ಯಾರಿಗೆ ಬೇಕಾದ್ರೂ. ಇಲ್ಲಾಂದ್ರೆ ಬೇಡ.”

ಆಮೇಲೆ ಕೈಯನ್ನು ಒರೆಸಿಕೊಳ್ಳುತ್ತ ಬಂದು, ಹೆಬ್ಬೆಟ್ಟು ಒತ್ತಬೇಕಾ ಎಂದು ಕೇಳಿದಳು. ಬೇಡ ಎಂದಳು ವರದಿ. ಫೈಲನ್ನು ತೆರೆಯಲೇ ಇಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ತೂಕದಕ್ಕ ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತ, ವರದಿಯ ಮುಖ ನೋಡದೆ ಹೇಳಿದಳು. “ಒಪ್ಪಿದ್ಲು ಅಂತ ಹೇಳಿದ್ರೂ ನಡೀತದೆ ಕಣೆ. ಕೊಡಿ ಅಂತ ಬಾಯಲ್ಲಿ ಅಂದಿದಾಳಲ್ಲ. ಅವಳೇನು ಶುಕ್ರವಾರ ಬಂದು ನೋಡಲ್ಲ. ನಾನೂ ಬಾಯಿ ಬಿಡಲ್ಲ. ತಕ್ಕಡಿ ಹೊತ್ತೋಳು ನೀನು. ಆ ಬಾಗಿಲ ಮೇಲೆ ನಿನ್ನ ಹೆಸರು ನೋಡಬೇಕು ಅಂತ ನಂಗೂ ಇದೆ.”

ಅವಳು ಪ್ರೀತಿಯಿಂದಲೇ ಹೇಳಿದ್ದು. ಒಂದು ಊರು ದಾಟಿತು, ಇನ್ನೊಂದು ಊರು ದಾಟಿತು. ಯಾವ ಕಡೆಗೂ ವರದಿಯ ಮನಸ್ಸು ತುಯ್ಯಲಿಲ್ಲ. ತನಗೆ ಹೆದರಿಕೆಯೇ ಎಂದು ನೋಡಿಕೊಂಡಳು, ಇಲ್ಲ. ದುಃಖವೇ? ಅದೂ ಅಲ್ಲ. ನಾಲ್ಕು, ಐದನೆಯದಕ್ಕೆ ಕೂತುಬಿಟ್ಟಳು ಎಂಬುದಷ್ಟೇ, ಯಾರೋ ಕೊಟ್ಟ ವಿಳಾಸದಂತೆ, ಮರೆಯಬಾರದೆಂದು ತಲೆಯಲ್ಲಿ ತಿರುಗುತ್ತಿತ್ತು.

ಕಚೇರಿಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತಳು. ಹಳೆಯ ಅಚ್ಚುಮನೆಗಳಲ್ಲಿ ಪುಸ್ತಕ ಮುಗಿದ ಮೇಲೆ ತಪ್ಪು ಕಂಡರೆ ‘ತಪ್ಪು–ಒಪ್ಪು’ ಎಂದು ಸಣ್ಣ ಚೀಟಿ ಅಚ್ಚು ಹಾಕಿ ಒಳಗೆ ಅಂಟಿಸುತ್ತಿದ್ದರು. ಅದೇ ಅಳತೆಯ ಚೀಟಿಯೊಂದನ್ನು ಸಿದ್ಧಮಾಡಿದಳು. ಮೂರನೇ ಪ್ಯಾರಾದಲ್ಲಿ ‘ಅಂಗಳದ ತುಂಬ ಓಡಾಡುತ್ತಿದ್ದಾಳೆ’ ಎಂದಿರುವಲ್ಲಿ ‘ನಾಲ್ಕು ಹೆಜ್ಜೆ ನಡೆದಿದ್ದಳು, ಎರಡು ದಿನ’ ಎಂದು ಓದಿಕೊಳ್ಳಬೇಕು. ನಾಲ್ಕನೇ ಪ್ಯಾರಾದ ಮಾತನ್ನು ತಾಯಿ ಆಡಿಲ್ಲ. ಮುಖಪುಟದ ಅಂಗಿ ಸಂಸ್ಥೆಯದು. ಈ ಪುಸ್ತಕ ಅಚ್ಚಿಗೆ ಹೋಗುವ ಆರು ದಿನ ಮೊದಲು ಮಗು ವಾಂತಿ ಭೇದಿಯಿಂದ ತೀರಿಕೊಂಡಿತು. ಕೆಳಗೆ ತಾರೀಖು. ಇಷ್ಟೇ. ಅಂಗಿಯ ಸಾಲನ್ನು ತಾಯಿ ಹೇಳಿರಲಿಲ್ಲ. ಅದನ್ನು ಅಳಿಸೋಣವೆಂದು ಬೆರಳು ಗುಂಡಿಯ ತನಕ ಹೋಯಿತು, ಅಳಿಸಲಿಲ್ಲ.

ದೊಡ್ಡಮ್ಮ ಯಾವ ಕಾಗದವನ್ನೂ ಪೆನ್ಸಿಲ್ಲಿಲ್ಲದೆ ಓದಿದವರಲ್ಲ. ಚೀಟಿಯನ್ನು ಎರಡು ಸಲ ಓದಿದರು. ಪೆನ್ಸಿಲು ಎಲ್ಲಿಯೂ ತಾಗಲಿಲ್ಲ.

“ಇದನ್ನ ಅಂಟಿಸಿದ ಪುಸ್ತಕಾನ ಶುಕ್ರವಾರ ಕೊಡಕ್ಕಾಗುತ್ತಾ?”

“ಇಲ್ಲ.”

“ಅಂಟಿಸದೆ?”

“ಅದಕ್ಕೆ ತಾಯಿ ಬೇಡ ಅಂದಿದಾಳೆ.”

“ಅವಳು ಅಂದಳಾ, ಇಲ್ಲಾ ನೀನು ಅಂತಿದೀಯಾ?”

“ಅವಳೇ ಅಂದಿದ್ದು ದೊಡ್ಡಮ್ಮ. ಈ ಸಲ ನಾನು ಬರ್ಕೊಂಡಿದ್ದಲ್ಲ.”

ದೊಡ್ಡಮ್ಮ ಚೀಟಿಯನ್ನು ಮಡಿಸಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು. ಹೋಗಿ ಊಟ ಮಾಡು ಎಂದರು.

ಶುಕ್ರವಾರದ ಸಮಾರಂಭ ಸಾಂಗವಾಗಿ ನಡೆಯಿತು. ಬಂದವರಿಗೆ ಸಂಸ್ಥೆಯ ಹಳೆಯ ಪರಿಚಯ ಪತ್ರವನ್ನೂ ಒಂದು ಪೆನ್ನನ್ನೂ ಕೊಟ್ಟರು. ಅಚ್ಚುಮನೆಯಲ್ಲಿ ಸ್ವಲ್ಪ ತಡವಾಯಿತು ಎಂದು ವೇದಿಕೆಯ ಮೇಲಿಂದ ಯಾರೋ ಹೇಳಿದರು. ಭಾಷಣಗಳಿಗೆ ಮೈಕು ಸರಿಮಾಡುತ್ತ ವರದಿ ಪಕ್ಕದಲ್ಲಿ ನಿಂತಿದ್ದಳು. ಘೋಷಣೆಗಳಲ್ಲಿ ಸಂವಹನ ವಿಭಾಗದ ಮಾತು ಬರಲಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದ ಅತ್ತೆ ಕೊನೆಯವರೆಗೂ ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡಿದ್ದು, ವಂದನಾರ್ಪಣೆ ಮುಗಿದ ಮೇಲೆ ಆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮನೆಗೆ ಬಂದು ಸೊಸೆಯ ತಟ್ಟೆಗೆ ತಾವೇ ಬಡಿಸಿದರು. ಹುದ್ದೆಯ ವಿಷಯ ಮುಂದಿನ ವರ್ಷ ನೋಡೋಣ ಎಂದು ಮಂಡಳಿಯವರು ಅಂದದ್ದು ಶನಿವಾರ ತಿಳಿಯಿತು.

ಸೋಮವಾರ ದೊಡ್ಡಮ್ಮ ಡಬ್ಬಿಯಿಂದ ಚೀಟಿಯನ್ನು ತೆಗೆದುಕೊಟ್ಟು, ಅಚ್ಚು ಹಾಕಿಸು, ಅಂಟಿಸು, ಕಚೇರಿಗೆ ಬಂದು ಕೇಳಿದವರಿಗೆ ಕೊಡೋಣ ಎಂದರು.

ಬುಧವಾರ ಬೆಳಿಗ್ಗೆ ವರದಿಯೂ ತೂಕದಕ್ಕನೂ ಸಭೆಯ ಹಾಲಿನ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದರು. ಚೀಟಿಗಳು ಹಾರದಂತೆ ಫ್ಯಾನು ನಿಲ್ಲಿಸಿದರು. ತೂಕದಕ್ಕ ಅಂಟು ಸವರಿ ಕೊಡುತ್ತಿದ್ದಳು, ವರದಿ ಅಂಟಿಸಿ, ಬಟ್ಟೆಯಿಂದ ಒತ್ತಿ, ಪುಟ ತೆರೆದಿರುವಂತೆಯೇ ಪುಸ್ತಕವನ್ನು ನೆಲದ ಮೇಲೆ ಇಡುತ್ತಿದ್ದಳು. ಬಾಗಿಲಿನ ಕಡೆಯಿಂದ ಶುರುವಾದ ಸಾಲುಗಳು ಮಧ್ಯಾಹ್ನದ ಹೊತ್ತಿಗೆ ಕಿಟಕಿಯನ್ನು ಮುಟ್ಟಿದವು. ನಡುನಡುವೆ ಒಬ್ಬರು ಕುಕ್ಕರಿಸಿ ಕೂರುವಷ್ಟು ದಾರಿ ಮಾತ್ರ ಉಳಿದಿತ್ತು. ಕೋಲೂರಿಕೊಂಡು ಬಂದ ದೊಡ್ಡಮ್ಮ ಬಾಗಿಲಲ್ಲೇ ನಿಂತರು. ಕೋಲು ಊರಲು ಒಳಗೆ ಎಲ್ಲಿಯೂ ಜಾಗವಿರಲಿಲ್ಲ.

ತೂಕದಕ್ಕ ಅಂಟಿನ ಡಬ್ಬಿಗೆ ನೀರು ತರಲು ಹೋದಳು. ಕಿಟಕಿಯ ಬಿಸಿಲು ಒಂದು ಸಾಲಿನಷ್ಟು ಮುಂದೆ ಸರಿದಿತ್ತು. ಅದರಡಿಯ ಚೀಟಿಗಳು ಒಣಗಿ ಬೆಳ್ಳಗಾಗಿದ್ದವು. ವರದಿ ಆ ಸಾಲಿನ ತುದಿಯಲ್ಲಿ ಕುಕ್ಕರಿಸಿ, ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಮುಚ್ಚಿ, ಮಗುಚಿ ಇಡುತ್ತ ಹೋದಳು.